ಬೀಗ ನಮ್ಮದು, ಕೀಲಿಕೈ ಯಾರದ್ದು?

ಇವತ್ತು ಚುನಾವಣೆ ಇಲ್ಲ, ರೆಸಾರ್ಟ್ ಇಲ್ಲ, ಕುರ್ಚಿ ಕಿತ್ತಾಟ ಇಲ್ಲ. ಇವತ್ತು ಒಂದು ಇಮೇಲ್ ಕಥೆ ಹೇಳ್ತೀನಿ. ಚಾನೆಲ್ ಬದಲಾಯಿಸಬೇಡಿ. ಈ ಕಥೆ ನಿಮ್ಮ ಜೇಬಿನಲ್ಲಿರೋ ಫೋನಿನ ಒಳಗೇ ನಡೀತಿದೆ.

ನೆದರ್ಲೆಂಡ್ಸ್‌ನಲ್ಲಿ ದಿ ಹೇಗ್ ಅಂತ ಒಂದು ಊರು. ಅಲ್ಲಿ ಅಂತಾರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ ಇದೆ. ದೇಶ ದೇಶಗಳ ನಾಯಕರ ಮೇಲೆ ಯುದ್ಧಾಪರಾಧದ ಕೇಸು ನಡೆಸೋ ಕೋರ್ಟು. 2024ರ ನವೆಂಬರ್‌ನಲ್ಲಿ ಈ ಕೋರ್ಟು ಇಸ್ರೇಲ್ ಪ್ರಧಾನಿ ನೆತನ್ಯಾಹು ಮೇಲೆ ಅರೆಸ್ಟ್ ವಾರಂಟ್ ಹೊರಡಿಸಿತು. ಅಮೆರಿಕಕ್ಕೆ ಸಿಟ್ಟು ಬಂತು. 2025ರ ಫೆಬ್ರವರಿಯಲ್ಲಿ ಟ್ರಂಪ್ ಸರ್ಕಾರ ಕೋರ್ಟಿನ ಮುಖ್ಯ ಪ್ರಾಸಿಕ್ಯೂಟರ್ ಕರೀಮ್ ಖಾನ್ ಮೇಲೆ ನಿರ್ಬಂಧ ಹೇರಿತು. ಮೇ ತಿಂಗಳಲ್ಲಿ ಅಸೋಸಿಯೇಟೆಡ್ ಪ್ರೆಸ್ ಒಂದು ಸುದ್ದಿ ಒಡೆಯಿತು. ಏನಂದ್ರೆ, ಆ ಪ್ರಾಸಿಕ್ಯೂಟರ್‌ಗೆ ತಮ್ಮ ಆಫೀಸಿನ ಇಮೇಲ್ ಸಿಗ್ತಾ ಇಲ್ಲ, ಅವರು ಸ್ವಿಟ್ಜರ್ಲೆಂಡಿನ ಪ್ರೋಟಾನ್ ಅನ್ನೋ ಇಮೇಲ್‌ಗೆ ಹೋಗಿದ್ದಾರೆ ಅಂತ. ಕೋರ್ಟಿನ ಇಮೇಲ್ ನಡೀತಿದ್ದದ್ದು ಮೈಕ್ರೋಸಾಫ್ಟ್ ಮೇಲೆ. ಮೈಕ್ರೋಸಾಫ್ಟ್ ಏನಂತು? ‘ನಾವು ಕೋರ್ಟಿಗೆ ಕೊಡುವ ಸೇವೆಯನ್ನು ಯಾವತ್ತೂ ನಿಲ್ಲಿಸಿಲ್ಲ’ ಅಂತು. ಇರಬಹುದು. ಆ ವಾದ ಅವರವರಿಗೆ ಬಿಡೋಣ.

ಆದರೆ ಯೂರೋಪಿನ ಆಫೀಸುಗಳಲ್ಲಿ ಕೂತಿದ್ದವರಿಗೆ ಅವತ್ತು ಎದೆ ಧಸಕ್ ಅಂತು. ಕೋರ್ಟು ನಮ್ಮ ನೆಲದ ಮೇಲಿದೆ, ಜಡ್ಜ್‌ಗಳು ಇಲ್ಲಿದ್ದಾರೆ, ಕಟ್ಟಡ ಇಲ್ಲಿದೆ, ಬೀಗ ನಮ್ಮದು. ಕೀಲಿಕೈ ಮಾತ್ರ ಸಮುದ್ರದ ಆಚೆ ಇದೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಆ ಕೋರ್ಟು ಮೈಕ್ರೋಸಾಫ್ಟ್ ಬಿಟ್ಟು ‘ಓಪನ್‌ಡೆಸ್ಕ್’ ಅನ್ನೋ ಜರ್ಮನ್ ಸಾಫ್ಟ್‌ವೇರ್‌ಗೆ ಹೋಗ್ತಿದೆ ಅಂತ ಸುದ್ದಿ ಬಂತು.

‘ಅದು ಯೂರೋಪಿನವರ ತಲೆನೋವು, ನಮಗೇನು?’ ಅಂತೀರಾ? ಸರಿ, ಗುಜರಾತಿಗೆ ಬನ್ನಿ.

ಗುಜರಾತಿನ ವಾಡಿನಾರ್‌ನಲ್ಲಿ ನಯಾರಾ ಎನರ್ಜಿ ಅನ್ನೋ ಕಂಪನಿಯ ತೈಲ ಸಂಸ್ಕರಣಾಗಾರ ಇದೆ. ವರ್ಷಕ್ಕೆ 2 ಕೋಟಿ ಟನ್ ಸಾಮರ್ಥ್ಯ. ದೇಶದಲ್ಲಿ 6 ಸಾವಿರಕ್ಕೂ ಹೆಚ್ಚು ಪೆಟ್ರೋಲ್ ಬಂಕ್. ಅದರಲ್ಲಿ ರಷ್ಯಾದ ರಾಸ್‌ನೆಫ್ಟ್ ಕಂಪನಿಯ ಪಾಲು 49 ಪರ್ಸೆಂಟ್. 2025ರ ಜುಲೈ 18ಕ್ಕೆ ಯೂರೋಪಿಯನ್ ಒಕ್ಕೂಟ ಈ ಕಂಪನಿ ಮೇಲೆ ನಿರ್ಬಂಧ ಹಾಕಿತು. ನಾಲ್ಕೇ ದಿನಕ್ಕೆ ಆ ಕಂಪನಿಯ ಸಿಬ್ಬಂದಿಗೆ ಔಟ್‌ಲುಕ್ ಇಮೇಲ್ ಬಂದ್, ಟೀಮ್ಸ್ ಬಂದ್. ದುಡ್ಡು ಕಟ್ಟಿಲ್ವಾ? ಪೂರ್ತಿ ಕಟ್ಟಿದ್ದೀವಿ ಅಂತ ಕಂಪನಿ ಹೇಳಿತು. ಭಾರತದ ಕಾನೂನು ಮುರಿದಿದ್ರಾ? ಹಾಗಂತ ಭಾರತದ ಯಾವ ಕೋರ್ಟೂ ಹೇಳಿರಲಿಲ್ಲ. ದೆಹಲಿ ಹೈಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ, ಜುಲೈ ಕೊನೆಗೆ, ಸೇವೆ ವಾಪಸ್ ಬಂತು.

ಇಲ್ಲೊಂದು ತಮಾಷೆ ಗಮನಿಸಿ. ಕಂಪನಿ ಭಾರತದ್ದು. ಸಾಫ್ಟ್‌ವೇರ್ ಅಮೆರಿಕದ್ದು. ಆದೇಶ ಯೂರೋಪಿನದ್ದು. ಅಮೆರಿಕ ನಮ್ಮ ಮೇಲೆ ಹೀಗೆ ಮಾಡಿತು ಅಂತ ಯೂರೋಪು ಅಳುತ್ತಾ ಇದ್ದ ಅದೇ ಹೊತ್ತಿಗೆ, ಯೂರೋಪಿನ ಆದೇಶದಿಂದ ನಮ್ಮ ದೇಶದ ಕಂಪನಿಯೊಂದರ ಇಮೇಲ್ ನಿಂತುಹೋಯಿತು. ಆದ್ದರಿಂದ ಇವತ್ತು ನಾನು ‘ಅಮೆರಿಕ ಕೆಟ್ಟದ್ದು, ಯೂರೋಪ್ ಒಳ್ಳೇದು’ ಅಂತ ಹೇಳೋಕೆ ಕೂತಿಲ್ಲ. ಯೂರೋಪು ಈಗ ಏನು ಮಾಡ್ತಿದೆ, ಅದರಿಂದ ನಾವು ಏನು ಕಲೀಬಹುದು, ಅಷ್ಟೇ ನನ್ನ ಮಾತು.

ಅದಕ್ಕೂ ಮುಂಚೆ ಒಂದು ಮನೆ ವಿಷಯ ಹೇಳಿಬಿಡ್ತೀನಿ. ಇದು ನನ್ನನ್ನು ಬಹಳ ದಿನದಿಂದ ಕೊರೀತಿದೆ.

ನಮ್ಮ ಸೋದರಮಾವನದ್ದು ತಿಪಟೂರು ಕಡೆ ಒಂದು ಫೋಟೋ ಸ್ಟುಡಿಯೋ. ಮದುವೆ, ಗೃಹಪ್ರವೇಶ, ನಾಮಕರಣ, ಸ್ಕೂಲ್ ಗ್ರೂಪ್ ಫೋಟೋ. ಕೆಲವು ವರ್ಷಗಳ ಹಿಂದೆ ಊರಿಗೆ ಹೋದಾಗ ನೋಡಿದೆ, ಟೇಬಲ್ ಮೇಲೆ ಹಾರ್ಡ್ ಡಿಸ್ಕ್‌ಗಳ ರಾಶಿ, ಒಂದೊಂದರ ಮೇಲೂ ಬಿಳಿ ಪಟ್ಟಿ, ಅದರ ಮೇಲೆ ಮದುಮಕ್ಕಳ ಹೆಸರು. ನಾನು ಇಂಜಿನಿಯರಿಂಗ್ ಓದಿದವನು ನೋಡಿ, ಬುದ್ಧಿ ಹೇಳದೆ ಇರೋಕಾಗುತ್ತಾ? ‘ಮಾವ, ಈ ಡಬ್ಬಿಗಳು ಯಾವತ್ತಿದ್ರೂ ಕೈಕೊಡ್ತವೆ. ಎಲ್ಲಾನೂ ಕ್ಲೌಡ್‌ಗೆ ಹಾಕಿಬಿಡಿ’ ಅಂದೆ. ನಾನೇ ಕೂತು ಅಕೌಂಟ್ ಮಾಡಿಕೊಟ್ಟೆ. ತಿಂಗಳಿಗೆ ಇಷ್ಟು ಅಂತ ದುಡ್ಡು ಕಟ್ಟೋದನ್ನೂ ಹೇಳಿಕೊಟ್ಟೆ. ಹಳೇ ಡಿಸ್ಕ್‌ಗಳನ್ನ ಮಾವ ಅಳಿಸಿ ಬೇರೆ ಕೆಲಸಕ್ಕೆ ಬಳಸಿಕೊಂಡರು.

ಒಂದು ದಿನ ಬುಲೆಟಿನ್‌ಗೆ ಇಪ್ಪತ್ತು ನಿಮಿಷ ಇರುವಾಗ ಫೋನು. ‘ಏನೋ, ಅಕೌಂಟ್ ಒಳಗೇ ಬಿಡ್ತಿಲ್ಲ ಕಣೋ. ಏನೋ ನಿಯಮ ಉಲ್ಲಂಘನೆ ಅಂತಿದೆ.’ ಯಾವ ನಿಯಮ? ಬರೆದಿರಲಿಲ್ಲ. ಯಾವ ಫೋಟೋ? ಬರೆದಿರಲಿಲ್ಲ. ‘ಮೇಲ್ಮನವಿ ಸಲ್ಲಿಸಿ’ ಅನ್ನೋ ಒಂದು ಬಟನ್ ಇತ್ತು. ಒತ್ತಿದೆವು. ಎರಡು ದಿನಕ್ಕೆ ಉತ್ತರ ಬಂತು: ಪರಿಶೀಲಿಸಲಾಗಿದೆ, ನಿರ್ಧಾರ ಬದಲಾಗುವುದಿಲ್ಲ. ಕೆಳಗೆ ಹೆಸರಿಲ್ಲ, ಫೋನ್ ನಂಬರ್ ಇಲ್ಲ. ನಾನು ಟೀವೀಲಿ ಕೂತು ಮಂತ್ರಿಗಳನ್ನ ಪ್ರಶ್ನೆ ಕೇಳೋನು. ಒಬ್ಬ ಮನುಷ್ಯನ ಹತ್ತಿರ ಮಾತಾಡೋಕೆ ಮೂರು ವಾರ ಒದ್ದಾಡಿದೆ. ಸಿಗಲಿಲ್ಲ. ತಾಲ್ಲೂಕು ಆಫೀಸಿನಲ್ಲಿ ಕೆಲಸ ಆಗಲಿಲ್ಲ ಅಂದ್ರೆ ಕನಿಷ್ಠ ಜಗಳ ಆಡೋಕೆ ಒಬ್ಬ ಗುಮಾಸ್ತ ಇರ್ತಾನೆ. ಇಲ್ಲಿ ಅದೂ ಇಲ್ಲ.

ಆರು ವರ್ಷದ ಫೋಟೋ ಹೋಯ್ತು. ಮೆಮೊರಿ ಕಾರ್ಡ್‌ಗಳಲ್ಲಿ ಉಳಿದಿದ್ದು ಸ್ವಲ್ಪ ಸಿಕ್ಕಿತು. ಮೂರು ಆಲ್ಬಮ್‌ಗಳ ಅಡ್ವಾನ್ಸ್ ವಾಪಸ್ ಕೊಟ್ಟರು. ಒಂದು ಮನೆಯವರು ಅಡ್ವಾನ್ಸ್ ತಗೊಳ್ಳಲಿಲ್ಲ. ‘ದುಡ್ಡು ಬೇಡ, ಆ ಮದುವೇಲಿ ನಮ್ಮಜ್ಜಿ ಕೂತಿದ್ದ ಫೋಟೋ ಒಂದಾದರೂ ಹುಡುಕಿಕೊಡಿ’ ಅಂದರಂತೆ. ಮಾವ ನನ್ನನ್ನ ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಈಗ ಯೂರೋಪಿಗೆ ವಾಪಸ್ ಹೋಗೋಣ.

ಜರ್ಮನಿಯ ತುತ್ತತುದಿಯಲ್ಲಿ, ಡೆನ್ಮಾರ್ಕ್ ಗಡಿಗೆ ಅಂಟಿಕೊಂಡು ಶ್ಲೆಸ್ವಿಗ್-ಹೋಲ್‌ಸ್ಟೈನ್ ಅನ್ನೋ ರಾಜ್ಯ ಇದೆ. ಜನಸಂಖ್ಯೆ ಸುಮಾರು 30 ಲಕ್ಷ. 2024ರ ಏಪ್ರಿಲ್‌ನಲ್ಲಿ ಆ ರಾಜ್ಯ ಸರ್ಕಾರ ಒಂದು ನಿರ್ಧಾರ ಮಾಡಿತು. ಸರ್ಕಾರಿ ಕಚೇರಿಗಳ 30 ಸಾವಿರ ಕಂಪ್ಯೂಟರ್‌ಗಳಲ್ಲಿ ಮೈಕ್ರೋಸಾಫ್ಟ್ ಆಫೀಸ್ ತೆಗೆದು ಲಿಬ್ರೆ ಆಫೀಸ್ ಹಾಕೋದು, ಆಮೇಲೆ ನಿಧಾನಕ್ಕೆ ವಿಂಡೋಸ್ ತೆಗೆದು ಲಿನಕ್ಸ್ ಹಾಕೋದು. 2025ರ ಅಕ್ಟೋಬರ್ ಹೊತ್ತಿಗೆ 40 ಸಾವಿರಕ್ಕೂ ಹೆಚ್ಚು ಮೇಲ್‌ಬಾಕ್ಸ್‌ಗಳನ್ನ ಹೊಸ ವ್ಯವಸ್ಥೆಗೆ ಸಾಗಿಸಿ ಮುಗಿಸಿದರು. ಅದರಲ್ಲಿ ಇಮೇಲ್ ಮತ್ತು ಕ್ಯಾಲೆಂಡರ್ ದಾಖಲೆ ಸೇರಿ 10 ಕೋಟಿಗೂ ಹೆಚ್ಚು. ಡೆನ್ಮಾರ್ಕಿನ ಡಿಜಿಟಲ್ ಸಚಿವಾಲಯವೂ ಲಿಬ್ರೆ ಆಫೀಸ್ ಕಡೆ ಹೊರಟಿತು. ಗ್ರೀನ್‌ಲ್ಯಾಂಡ್ ನಮಗೆ ಬೇಕು ಅಂತ ಟ್ರಂಪ್ ಹೇಳ್ತಾ ಇದ್ದ ಕಾಲ ಅದು. ಫ್ರಾನ್ಸಿನ ಲಿಯಾನ್ ನಗರಪಾಲಿಕೆ ಅದೇ ದಾರಿ ಹಿಡಿಯಿತು. ಫ್ರಾನ್ಸಿನ ಜಾಂಡಾರ್ಮರಿ ಪೊಲೀಸರು ಇವರೆಲ್ಲರಿಗಿಂತ ಮುಂಚೆ, 2008ರಿಂದಲೇ, ಲಿನಕ್ಸ್ ಕಂಪ್ಯೂಟರ್ ಬಳಸ್ತಾ ಇದ್ದಾರೆ.

ಯಾಕಿಷ್ಟು ಕಷ್ಟಪಡ್ತಾರೆ? ‘ಅಮೆರಿಕದ ಕಂಪನಿಗಳ ಸರ್ವರ್ ಯೂರೋಪಿನಲ್ಲೇ ಇದೆಯಲ್ಲ, ಸಾಲದಾ?’ ಸಾಲದು. ಅಮೆರಿಕದಲ್ಲಿ 2018ರಲ್ಲಿ ಕ್ಲೌಡ್ ಆ್ಯಕ್ಟ್ ಅನ್ನೋ ಕಾನೂನು ಬಂತು. ಸರ್ವರ್ ಭೂಮಿಯ ಮೇಲೆ ಎಲ್ಲೇ ಇರಲಿ, ಕಂಪನಿ ಅಮೆರಿಕದ್ದಾದರೆ, ಅಲ್ಲಿನ ಕಾನೂನು ಪ್ರಕಾರ ಆದೇಶ ತಂದರೆ ಡೇಟಾ ಕೊಡಬೇಕು. 2025ರ ಜೂನ್‌ನಲ್ಲಿ ಫ್ರಾನ್ಸಿನ ಸೆನೆಟ್ ಸಮಿತಿ ಮೈಕ್ರೋಸಾಫ್ಟ್ ಫ್ರಾನ್ಸಿನ ಕಾನೂನು ವ್ಯವಹಾರಗಳ ಮುಖ್ಯಸ್ಥರನ್ನ ಪ್ರಮಾಣ ಮಾಡಿಸಿ ಕೇಳಿತು: ಫ್ರಾನ್ಸ್ ಒಪ್ಪದೆ ಇದ್ದರೂ ಫ್ರೆಂಚ್ ಜನರ ಮಾಹಿತಿ ಅಮೆರಿಕ ಸರ್ಕಾರಕ್ಕೆ ಹೋಗಲ್ಲ ಅಂತ ಗ್ಯಾರಂಟಿ ಕೊಡ್ತೀರಾ? ಗ್ಯಾರಂಟಿ ಕೊಡೋಕಾಗಲ್ಲ ಅನ್ನೋ ಉತ್ತರ ಬಂತು. ಹಾಗೆ ಯಾವತ್ತೂ ಆಗಿಲ್ಲ ಅಂತಲೂ ಅವರು ಸೇರಿಸಿದರು. ಆದರೆ ಸೆನೆಟ್ ಕೇಳಿದ್ದು ನಾಳೆಯ ಮಾತು.

ಹಾಗಾದರೆ ಯೂರೋಪಿನ ಸರಕು ಹಾಕಿಕೊಂಡರೆ ಎಲ್ಲ ಸರಿಹೋಗುತ್ತಾ? ಇಲ್ಲ. ಇದನ್ನೂ ನಿಮಗೆ ಹೇಳಬೇಕು.

ಮ್ಯೂನಿಕ್ ನಗರ 2003ರಲ್ಲೇ ಲಿನಕ್ಸ್‌ಗೆ ಹೋಗೋ ತೀರ್ಮಾನ ಮಾಡಿತ್ತು. ಹತ್ತು ವರ್ಷದಲ್ಲಿ ಸುಮಾರು 15 ಸಾವಿರ ಕಂಪ್ಯೂಟರ್ ಬದಲಾಯಿಸಿದರು. 2017ರಲ್ಲಿ ಅದೇ ನಗರ ವಾಪಸ್ ವಿಂಡೋಸ್‌ಗೆ ಹೊರಟಿತು. ಮೇಯರ್ ಬದಲಾದರು, ಸಿಬ್ಬಂದಿ ಗೊಣಗಿದರು, ಹೊರಗಿನಿಂದ ಬಂದ ಫೈಲುಗಳು ಸರಿಯಾಗಿ ತೆರೆಯಲಿಲ್ಲ. ಫ್ರಾನ್ಸಿನ ದೊಡ್ಡ ಕ್ಲೌಡ್ ಕಂಪನಿ ಓವಿಎಚ್. 2021ರ ಮಾರ್ಚ್‌ನಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿದ್ದ ಅದರ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು. ಬೇರೆ ಕಡೆ ಪ್ರತಿ ಇಟ್ಟುಕೊಳ್ಳದ ಎಷ್ಟೋ ಗ್ರಾಹಕರ ಡೇಟಾ ಬೂದಿಯಾಯಿತು. ಖಾಸಗಿತನಕ್ಕೆ ಹೆಸರಾದ ಪ್ರೋಟಾನ್ ಕೂಡ 2021ರಲ್ಲಿ ಸ್ವಿಸ್ ಅಧಿಕಾರಿಗಳ ಆದೇಶ ಬಂದಾಗ ಒಬ್ಬ ಫ್ರೆಂಚ್ ಹೋರಾಟಗಾರನ ಐಪಿ ಅಡ್ರೆಸ್ ಕೊಡಬೇಕಾಯಿತು. ಅದೇ ಪ್ರೋಟಾನ್ ಮೇಲ್ ಬಳಸಿ ಅಶ್ಲೀಲ ಇಮೇಲ್ ಕಳಿಸಿದ ಪ್ರಕರಣದಲ್ಲಿ, ಭಾರತದಲ್ಲಿ ಅದನ್ನ ಬ್ಲಾಕ್ ಮಾಡೋ ಪ್ರಕ್ರಿಯೆ ಶುರು ಮಾಡಿ ಅಂತ 2025ರ ಏಪ್ರಿಲ್‌ನಲ್ಲಿ ಕೇಂದ್ರಕ್ಕೆ ಹೇಳಿದ್ದು ಯಾವ ಕೋರ್ಟು ಗೊತ್ತಾ? ನಮ್ಮ ಕರ್ನಾಟಕ ಹೈಕೋರ್ಟು. ಎಲ್ಲೇ ಹೋದರೂ ಒಂದು ಕಾನೂನು ಇರುತ್ತೆ, ಒಬ್ಬ ಮಾಲೀಕ ಇರ್ತಾನೆ.

ಮಾಲೀಕರು ಬದಲಾಗ್ತಾರೆ ಕೂಡ. ಸ್ಕೈಪ್ ನೆನಪಿದೆಯಾ? ಅಮೆರಿಕಕ್ಕೆ ಹೋದ ಮಗನ ಮುಖವನ್ನ ಬೆಂಗಳೂರಿನ ಎಷ್ಟೋ ಅಪ್ಪ ಅಮ್ಮಂದಿರು ಮೊದಲು ಕಂಡದ್ದು ಸ್ಕೈಪ್‌ನಲ್ಲಿ. ಅದು ಅಪ್ಪಟ ಯೂರೋಪಿನ ಕೂಸು. ಒಬ್ಬ ಸ್ವೀಡನ್‌ನವರು, ಒಬ್ಬ ಡೆನ್ಮಾರ್ಕಿನವರು, ಎಸ್ಟೋನಿಯಾದ ಪ್ರೋಗ್ರಾಮರ್‌ಗಳು ಸೇರಿ 2003ರಲ್ಲಿ ಶುರು ಮಾಡಿದ್ದು. 2011ರಲ್ಲಿ ಮೈಕ್ರೋಸಾಫ್ಟ್ 850 ಕೋಟಿ ಡಾಲರ್‌ಗೆ ಕೊಂಡುಕೊಂಡಿತು. 2025ರ ಮೇ ತಿಂಗಳಲ್ಲಿ ಬಾಗಿಲು ಹಾಕಿತು.

ಹಾಗಾದರೆ ಪಾಠ ಏನು? ಇಂಜಿನಿಯರಿಂಗ್ ಓದಿದವನಾಗಿ ನನಗೆ ಕಾಣೋದು ಹೇಳ್ತೀನಿ. ಒಳಗೆ ಹೋಗುವ ಮುಂಚೆ ಹೊರಗೆ ಬರುವ ಬಾಗಿಲು ಎಲ್ಲಿದೆ ಅಂತ ನೋಡಬೇಕು. ಸಿನಿಮಾ ಥಿಯೇಟರ್‌ಗೆ ಲೈಸೆನ್ಸ್ ಕೊಡುವಾಗ ಇದನ್ನೇ ತಾನೆ ನೋಡೋದು?

ಮೊದಲನೇ ಬಾಗಿಲು ಫೈಲು. ನಿಮ್ಮ ಬರಹ ಎಲ್ಲ ಕಂಪ್ಯೂಟರ್‌ನಲ್ಲೂ ತೆರೆಯುವ ರೂಪದಲ್ಲಿದೆಯಾ? ಈ ನೋವು ಕನ್ನಡಿಗರಿಗೆ ಗೊತ್ತಿರುವಷ್ಟು ಜರ್ಮನ್ನರಿಗೂ ಗೊತ್ತಿಲ್ಲ. ಯೂನಿಕೋಡ್ ಬರೋದಕ್ಕೆ ಮುಂಚೆ ನಮ್ಮ ಕನ್ನಡ ಬೇರೆ ಬೇರೆ ಫಾಂಟುಗಳಲ್ಲಿ ಹಂಚಿಹೋಗಿತ್ತು. ಒಂದು ಆಫೀಸಿನಲ್ಲಿ ಟೈಪ್ ಮಾಡಿದ ಪತ್ರ ಇನ್ನೊಂದು ಆಫೀಸಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಕೊಂಬು, ಚುಕ್ಕಿ, ಗೆರೆ. ಇವತ್ತಿಗೂ ಹಳೇ ಫೈಲು ತೆರೆದು ತಲೆ ಚಚ್ಚಿಕೊಳ್ಳೋ ಡಿಟಿಪಿ ಆಪರೇಟರ್‌ಗಳಿದ್ದಾರೆ. ಆಗ ಯಾವ ಅಮೆರಿಕದ ಕಂಪನಿಯೂ ನಮ್ಮನ್ನ ಕಟ್ಟಿಹಾಕಿರಲಿಲ್ಲ. ನಾವೇ ಕಟ್ಟಿಕೊಂಡಿದ್ದೆವು. ಯೂನಿಕೋಡ್ ಅನ್ನೋ ಎಲ್ಲರಿಗೂ ಸೇರಿದ ನಿಯಮ ಬಂದ ಮೇಲೆ ಬಿಡುಗಡೆ ಸಿಕ್ಕಿತು. ಲಿಬ್ರೆ ಆಫೀಸ್ ಬಳಸೋ ಫೈಲ್ ರೂಪವೂ ಹಾಗೇ, ಯಾರೊಬ್ಬರ ಸೊತ್ತೂ ಅಲ್ಲ.

ಎರಡನೇ ಬಾಗಿಲು ವಿಳಾಸ. ಮೊಬೈಲ್ ನಂಬರ್ ಪೋರ್ಟ್ ಮಾಡೋ ವ್ಯವಸ್ಥೆ 2011ರ ಜನವರಿಯಲ್ಲಿ ದೇಶಕ್ಕೆಲ್ಲ ಬಂತು. ಅದಕ್ಕೂ ಮುಂಚೆ ಕಂಪನಿ ಎಷ್ಟೇ ಸತಾಯಿಸಿದರೂ ಸುಮ್ಮನಿರ್ತಿದ್ವಿ. ಯಾಕೆ? ನಂಬರ್ ಎಲ್ಲರ ಹತ್ತಿರ ಇದೆಯಲ್ಲ! ಇಮೇಲ್‌ನಲ್ಲಿ ಇವತ್ತಿಗೂ ಅದೇ ಸ್ಥಿತಿ. ಬ್ಯಾಂಕು, ಪಿಎಫ್, ಇನ್ಶೂರೆನ್ಸ್, ಮಕ್ಕಳ ಶಾಲೆ, ಎಲ್ಲ ಕಡೆ ಕೊಟ್ಟಿರೋದು ಒಂದೇ ವಿಳಾಸ. ಆ ವಿಳಾಸ ನಿಮ್ಮದಲ್ಲ, ಕಂಪನಿಯದ್ದು. ಇದಕ್ಕೆ ದಾರಿ ಇದೆ. ವರ್ಷಕ್ಕೆ ಒಂದಿಷ್ಟು ದುಡ್ಡು ಕೊಟ್ಟು ನಿಮ್ಮದೇ ಹೆಸರಿನ ಡೊಮೇನ್ ತಗೊಂಡರೆ, ಇಮೇಲ್ ಕಂಪನಿ ಬದಲಾದರೂ ವಿಳಾಸ ಬದಲಾಗಲ್ಲ. ನಂಬರ್ ಪೋರ್ಟ್ ಮಾಡಿದ ಹಾಗೆ.

ಮೂರನೇ ಬಾಗಿಲು ಜನ. ಇದೇ ಎಲ್ಲಕ್ಕಿಂತ ಕಷ್ಟ. 2021ರ ಜನವರಿಯಲ್ಲಿ ವಾಟ್ಸಾಪ್ ಹೊಸ ಪಾಲಿಸಿ ಬಂದಾಗ ನಾವೆಲ್ಲ ಸಿಗ್ನಲ್ ಹಾಕಿಕೊಂಡಿದ್ದೆವು, ನೆನಪಿದೆಯಾ? ಒಂದು ವಾರ ಇದ್ದು ವಾಪಸ್ ಬಂದ್ವಿ. ಯಾಕಂದ್ರೆ ದೊಡ್ಡಮ್ಮ ವಾಟ್ಸಾಪ್‌ನಲ್ಲೇ ಇದ್ದರು. ಬೆಂಗಳೂರಿನಲ್ಲೇ ಹುಟ್ಟಿದ ಕೂ ಆ್ಯಪ್ ಕನ್ನಡದಲ್ಲಿ ಶುರುವಾಯಿತು, ಮಂತ್ರಿಗಳೆಲ್ಲ ಬಂದರು, ನಮ್ಮ ಚಾನೆಲ್‌ಗಳೂ ಹೋದವು. 2024ರ ಜುಲೈನಲ್ಲಿ ಮುಚ್ಚಿತು. ದೇಶಾಭಿಮಾನ ಆ್ಯಪ್ ಇನ್‌ಸ್ಟಾಲ್ ಮಾಡಿಸುತ್ತೆ, ದಿನಾ ತೆರೆಸೋದಿಲ್ಲ. ಯೂರೋಪು ಇದಕ್ಕೆ ಕಾನೂನಿನ ದಾರಿ ಹಿಡಿದಿದೆ. ಅಲ್ಲಿನ ಡಿಜಿಟಲ್ ಮಾರ್ಕೆಟ್ಸ್ ಆ್ಯಕ್ಟ್ 2024ರ ಮಾರ್ಚ್‌ನಿಂದ ದೊಡ್ಡ ಕಂಪನಿಗಳಿಗೆ ಅನ್ವಯ ಆಗಿದೆ. ಅದರ ಪ್ರಕಾರ ಬೇರೆ ಸಣ್ಣ ಮೆಸೇಜಿಂಗ್ ಆ್ಯಪ್‌ನವರು ಕೇಳಿದರೆ, ವಾಟ್ಸಾಪ್ ತನ್ನ ಬಾಗಿಲು ತೆರೆದು ಆ ಆ್ಯಪ್‌ನಿಂದಲೂ ಮೆಸೇಜ್ ಬರೋ ಹಾಗೆ ಮಾಡಬೇಕು. ಏರ್‌ಟೆಲ್‌ನಿಂದ ಜಿಯೋಗೆ ಫೋನ್ ಹೋಗಲ್ವಾ? ಹಾಗೆ.

ನಮ್ಮ ದೇಶದಲ್ಲೂ ಗಾಳಿ ಬೀಸ್ತಿದೆ. ಕೇಂದ್ರ ಸರ್ಕಾರದ ಸುಮಾರು 12 ಲಕ್ಷ ನೌಕರರ ಇಮೇಲ್ ತಮಿಳುನಾಡು ಮೂಲದ ಜೋಹೋ ಕಂಪನಿಯ ವ್ಯವಸ್ಥೆಗೆ ಬಂದಿದೆ. ಗೃಹ ಸಚಿವ ಅಮಿತ್ ಶಾ ತಾವೂ ಜೋಹೋ ಮೇಲ್‌ಗೆ ಹೋದೆ ಅಂತ 2025ರ ಅಕ್ಟೋಬರ್‌ನಲ್ಲಿ ಹೇಳಿದರು. ಒಳ್ಳೇದು, ಖುಷಿ ಪಡೋಣ. ಆದರೆ ಅದೇ ಪ್ರಶ್ನೆಯನ್ನ ಇಲ್ಲೂ ಕೇಳೋಣ: ನಾಳೆ ಬಿಡಬೇಕು ಅಂದ್ರೆ ಬಿಡೋಕಾಗುತ್ತಾ? ಸ್ವದೇಶಿ ಕಂಪನಿ ಅಂದ ಮಾತ್ರಕ್ಕೆ ಈ ಪ್ರಶ್ನೆಗೆ ರಿಯಾಯಿತಿ ಇಲ್ಲ.

ಇನ್ನೂ ಒಂದು ಸತ್ಯ ಒಪ್ಪಿಕೊಳ್ತೀನಿ. ಇಷ್ಟೆಲ್ಲ ಮಾತಾಡ್ತಿರೋ ನನ್ನನ್ನ ನಿಮ್ಮಲ್ಲಿ ಎಷ್ಟೋ ಜನ ನೋಡ್ತಿರೋದು ಯೂಟ್ಯೂಬ್‌ನಲ್ಲಿ. ನಮ್ಮ ಚಾನೆಲ್‌ನ ಎಷ್ಟೋ ವರ್ಷದ ಕಾರ್ಯಕ್ರಮ ಅಲ್ಲೇ ಇದೆ. ಬರೋ ಜಾಹೀರಾತಿನ ದುಡ್ಡಿನಲ್ಲಿ ಒಂದು ಪಾಲು ಅಲ್ಲಿಂದಲೇ. ಬಿಟ್ಟು ಬರ್ತೀನಿ ಅಂತ ಇಲ್ಲಿ ಕೂತು ಡೈಲಾಗ್ ಹೊಡೆದರೆ ಅದು ಸುಳ್ಳು. ವಾಟ್ಸಾಪ್ ಬಿಡೋಕೂ ನನಗೆ ಆಗಿಲ್ಲ. ಆಗಿದ್ದು ಇಷ್ಟು: ನನ್ನ ಹೆಸರಿನಲ್ಲಿ ಒಂದು ಡೊಮೇನ್ ತಗೊಂಡೆ, ಇಮೇಲ್ ಅನ್ನ ಯೂರೋಪಿನ ಒಂದು ಸಣ್ಣ ಸಂಸ್ಥೆಗೆ ಸಾಗಿಸಿದೆ. ಫ್ರೀ ಅಲ್ಲ, ದುಡ್ಡು ಕಟ್ತೀನಿ. ಬ್ಯಾಂಕಿನಿಂದ ಹಿಡಿದು ಗ್ಯಾಸ್ ಏಜೆನ್ಸಿವರೆಗೆ ವಿಳಾಸ ಬದಲಾಯಿಸೋಕೆ ನಾಲ್ಕು ಭಾನುವಾರ ಬೇಕಾಯ್ತು. ಬರೆಯೋದು ಲಿಬ್ರೆ ಆಫೀಸ್‌ನಲ್ಲಿ. ಈ ಮಾತುಗಳನ್ನೂ ಅದರಲ್ಲೇ ಬರೆದುಕೊಂಡು ಬಂದಿದ್ದೀನಿ. ಫೋಟೋಗಳ ಒಂದು ಪ್ರತಿ ಮನೆಯಲ್ಲೇ ಡಿಸ್ಕ್‌ನಲ್ಲಿದೆ.

ನೀವು ಏನೂ ಬಿಡಬೇಕಾಗಿಲ್ಲ. ಈ ಭಾನುವಾರ ಒಂದೇ ಒಂದು ಕೆಲಸ ಮಾಡಿ. ನಿಮ್ಮ ಅಕೌಂಟ್ ನಾಳೆ ಬೆಳಗ್ಗೆ ತೆರೆಯಲಿಲ್ಲ ಅಂದುಕೊಳ್ಳಿ. ಅದರಲ್ಲಿರೋ ಯಾವುದು ಇನ್ನೆಲ್ಲೂ ಇಲ್ಲ? ಮಗುವಿನ ಮೊದಲ ಹೆಜ್ಜೆಯ ವಿಡಿಯೋನಾ? ಅಪ್ಪನ ಧ್ವನಿನಾ? ಜಮೀನಿನ ಪತ್ರದ ಸ್ಕ್ಯಾನಾ? ಅದನ್ನ ಇಳಿಸಿ, ಇನ್ನೊಂದು ಕಡೆ ಇಡಿ. ಇಳಿಸೋಕೆ ಎಷ್ಟು ಕಷ್ಟ ಆಯ್ತು ಅನ್ನೋದನ್ನ ಗಮನಿಸಿ. ನಿಮ್ಮ ಕೀಲಿಕೈ ಎಷ್ಟು ದೂರ ಇದೆ ಅನ್ನೋದು ಆಗ ಗೊತ್ತಾಗುತ್ತೆ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಮಾವನ ಟೇಬಲ್ ಮೇಲೆ ಮತ್ತೆ ಹಾರ್ಡ್ ಡಿಸ್ಕ್. ಬಿಳಿ ಪಟ್ಟಿ, ಮದುಮಕ್ಕಳ ಹೆಸರು. ಪ್ರತಿ ಮದುವೆಗೂ ಎರಡು ಪ್ರತಿ. ಒಂದು ಸ್ಟುಡಿಯೋದಲ್ಲಿ, ಇನ್ನೊಂದು ಮನೆ ಬೀರುವಿನಲ್ಲಿ, ಅತ್ತೆಯ ಒಡವೆ ಡಬ್ಬಿ ಪಕ್ಕ. ಕ್ಲೌಡ್‌ನಲ್ಲೂ ಒಂದು ಇಟ್ಟಿದ್ದಾರೆ, ಆದರೆ ಅದು ಮೂರನೆಯದು. ‘ಸರಿ ಇದೆಯೇನೋ ಇಂಜಿನಿಯರೇ?’ ಅಂತ ಕೇಳಿದರು.

ಸರಿ ಇದೆ ಮಾವ ಅಂದೆ. ಈ ಸಲ ಬುದ್ಧಿ ಹೇಳೋಕೆ ಹೋಗಲಿಲ್ಲ.